ಆಟೋಕ್ರಾಸ್ ಕಾರಿಗೆ ಟೈರು ಮತ್ತು ರಿಮ್ಮಿನ ಅಳತೆ ಆರಿಸುವ ಕ್ರಮ

ಬೆಳಗಾವಿಯಲ್ಲಿ ಆಟೋಕ್ರಾಸ್ ಎಂಬ ಗಡಿಯಾರದ ವಿರುದ್ಧದ ಸ್ಪರ್ಧೆಗೆಂದು ಕಾರು ಸಿದ್ಧಪಡಿಸಲು ಹೊರಟವರು ನನ್ನಲ್ಲಿ ಮೊದಲು ಕೇಳುವುದು "ಎಷ್ಟು ಇಂಚಿನ ರಿಮ್ಮು ಹಾಕಿಸಬೇಕು?" ಎಂಬ ಪ್ರಶ್ನೆಯನ್ನು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರು ಓಡಬೇಕಾದ ನೆಲ ಯಾವುದು, ಆ ನೆಲಕ್ಕೆ ಒಪ್ಪುವ ಟೈರು ಯಾವ ಅಳತೆಗಳಲ್ಲಿ ನಮಗೆ ಸಿಗುತ್ತದೆ, ಆ ಟೈರು ಎಷ್ಟು ಅಗಲದ ರಿಮ್ಮಿನ ಮೇಲೆ ಸರಿಯಾಗಿ ಕೂರುತ್ತದೆ, ಆ ರಿಮ್ಮು ನಮ್ಮ ಕಾರಿನ ಬ್ರೇಕಿಗೂ ಮಡ್‌ಗಾರ್ಡಿಗೂ ತಾಗದೆ ತಿರುಗುತ್ತದೆಯೇ ಎಂದು ಈ ಕ್ರಮದಲ್ಲಿ ಯೋಚಿಸಿದರೆ ಇಂಚಿನ ಲೆಕ್ಕ ತಾನಾಗಿಯೇ ಹೊರಬೀಳುತ್ತದೆ. ಕ್ರಮವನ್ನು ತಿರುವು ಮುರುವು ಮಾಡಿ ರಿಮ್ಮನ್ನು ಮೊದಲು ಕೊಂಡವರು, ಬಳಿಕ ಆ ಅಳತೆಗೆ ಯಾವ ಟೈರು ಸಿಕ್ಕಿತೋ ಅದನ್ನೇ ಒಪ್ಪಿಕೊಂಡು ಓಡಿಸಬೇಕಾಗುತ್ತದೆ.

ನಮ್ಮ ಭಾಗದಲ್ಲಿ ಆಟೋಕ್ರಾಸ್‌ಗೆ ಬರುವವುಗಳಲ್ಲಿ ಎರಡು ಆಸನದ ನಿಜವಾದ ಸ್ಪೋರ್ಟ್ಸ್ ಕಾರುಗಳು ಕಡಿಮೆ. ಚುರುಕಾದ ಹ್ಯಾಚ್‌ಬ್ಯಾಕ್‌ಗಳೇ ಹೆಚ್ಚು. ಹೀಗಾಗಿ ಈ ಲೇಖನದ ಉದ್ದಕ್ಕೂ ಹ್ಯುಂಡೈ ಐ20 ಎನ್ ಲೈನ್ ಮತ್ತು ಕೊನೆಯ ವರ್ಷಗಳ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಗಳಿಗೆ ಕಾರ್ಖಾನೆಯಿಂದ ಬಂದ 195/55 ಆರ್16 ಎಂಬ ಅಳತೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ (ಈ ಅಂಕಿಗಳ ಅರ್ಥ ಮೂರನೆಯ ಹೆಜ್ಜೆಯಲ್ಲಿದೆ). ಲೆಕ್ಕದ ವಿಧಾನ ಮಾತ್ರ ಮಜ್ದಾ ಎಂಎಕ್ಸ್-5ಗೂ ಪೋರ್ಷೆ ಬಾಕ್ಸ್‌ಟರ್‌ಗೂ ಒಂದೇ.

ಮೊದಲ ಹೆಜ್ಜೆ: ನೆಲವನ್ನು ನೋಡುವುದು

ಆಟೋಕ್ರಾಸ್ ಎಂಬ ಹೆಸರು ಎಲ್ಲ ದೇಶಗಳಲ್ಲಿ ಒಂದೇ ಆಟವನ್ನು ಸೂಚಿಸುವುದಿಲ್ಲ ಎಂಬುದನ್ನು ಓದುಗರು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಅಮೆರಿಕದಲ್ಲಿ ಅದು ವಿಶಾಲವಾದ ಡಾಂಬರು ಅಥವಾ ಕಾಂಕ್ರೀಟ್ ಮೈದಾನದಲ್ಲಿ ಕೋನ್‌ಗಳನ್ನಿಟ್ಟು ಒಂದೊಂದೇ ಕಾರನ್ನು ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ. ಒಂದು ಓಟ ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಅದೇ ಹೆಸರಿನ ಸ್ಪರ್ಧೆ ಹುಲ್ಲು ಅಥವಾ ಮಣ್ಣಿನ ಮೇಲೆ ನಡೆಯುತ್ತದೆ. ನಮ್ಮ ದೇಶದಲ್ಲಿಯೂ ಆಟೋಕ್ರಾಸ್ ಎಂದರೆ ಬಹುಪಾಲು ಕಚ್ಚಾ ನೆಲವೇ. ಅಂತರಜಾಲದಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಅಮೆರಿಕದ ಡಾಂಬರಿನ ಅನುಭವದಿಂದ ಬಂದವು. ಅವುಗಳನ್ನು ಓದಿ ಅಗಲವಾದ, ತೆಳುವಾದ ಟೈರು ಕೊಂಡು ತಂದು ಖಾನಾಪುರ ರಸ್ತೆಯ ಕಡೆಯ ಜಂಬಿಟ್ಟಿಗೆ ಮಣ್ಣಿನ ಮೇಲೆ ಓಡಿಸಿದರೆ ನಿರಾಸೆ ತಪ್ಪಿದ್ದಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿದೆ. ಅಲ್ಲಿನ ಅಗ್ರಶ್ರೇಣಿಯ ಕಾರುಗಳು ಡಾಂಬರಿನ ಮೇಲೆ 18 ಇಂಚಿನ ರಿಮ್ಮಿಗೆ 235/40 ಟೈರು ಹಾಕಿದರೆ, ಅದೇ ಕಾರು ಗರಸಿನ ಹಾದಿಗೆ ಬಂದಾಗ 15 ಇಂಚಿನ ರಿಮ್ಮು, 205/65 ಟೈರು ಹಾಕಿಕೊಳ್ಳುತ್ತದೆ. ಕಾರು ಅದೇ, ಎಂಜಿನ್ನು ಅದೇ, ಚಾಲಕನೂ ಅವನೇ. ನೆಲ ಬದಲಾದ ಕಾರಣಕ್ಕೆ ರಿಮ್ಮು ಮೂರು ಇಂಚು ಕಿರಿದಾಯಿತು, ಟೈರಿನ ಗೋಡೆ, ಅಂದರೆ ಅದರ ಪಕ್ಕದ ಭಾಗ, ಎತ್ತರವಾಯಿತು. ಸಡಿಲ ಮಣ್ಣಿನಲ್ಲಿ ಕಿರಿದಾದ ಟೈರು ಮೇಲಿನ ಪುಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ಪದರವನ್ನು ಮುಟ್ಟುತ್ತದೆ, ಅಗಲವಾದದ್ದು ಪುಡಿಯ ಮೇಲೆಯೇ ತೇಲುತ್ತದೆ. ಎತ್ತರದ ಗೋಡೆ ಕಲ್ಲಿನ ಪೆಟ್ಟನ್ನು ತಾನು ನುಂಗಿ ರಿಮ್ಮನ್ನು ಉಳಿಸುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ನೆಲವೂ ಒಂದೇ ಬಗೆಯದಲ್ಲ. ಬೆಳಗಾವಿಯ ದಕ್ಷಿಣಕ್ಕೂ ನೈಋತ್ಯಕ್ಕೂ, ಖಾನಾಪುರ ಮತ್ತು ಜಾಂಬೋಟಿಯ ಕಡೆಗೆ ಕೆಂಪು ಜಂಬಿಟ್ಟಿಗೆ ಮಣ್ಣು. ಒಣಗಿದಾಗ ಅದು ಗಟ್ಟಿಯಾಗಿ ನಿಂತು, ಮೇಲೆ ಸಣ್ಣ ಹರಳುಗಳು ಗುಂಡಿನಂತೆ ಉರುಳುತ್ತವೆ. ಪೂರ್ವಕ್ಕೆ ಹೋದಂತೆ, ಬಾಗಲಕೋಟೆ ಮತ್ತು ವಿಜಯಪುರದ ಕಡೆಗೆ ಎರೆ ಮಣ್ಣು ಹೆಚ್ಚುತ್ತದೆ. ಎರೆ ಒಣಗಿದ್ದರೆ ಮೇಲೆ ಹಿಟ್ಟಿನಂಥ ಧೂಳು, ಒಳಗೆ ಬಿರುಕುಬಿಟ್ಟ ಗಟ್ಟಿ ನೆಲ; ಒಂದು ಮಳೆ ಬಿದ್ದರೆ ಸಾಕು, ಅದು ಟೈರಿನ ನೆಲ ಮುಟ್ಟುವ ಭಾಗವಾದ ಟ್ರೆಡ್ಡಿನ ಸಂದುಗಳಲ್ಲಿ ಮೆತ್ತಿಕೊಂಡು ಎಂಥ ಟೈರನ್ನಾದರೂ ನುಣುಪಾದ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಎರೆ ನೆಲಕ್ಕೆ ಸಂದುಗಳು ದೊಡ್ಡದಾಗಿರುವ, ತಿರುಗುವಾಗ ಮಣ್ಣನ್ನು ತಾನೇ ಉದುರಿಸಿಕೊಳ್ಳುವ ಟ್ರೆಡ್ ಬೇಕು. ಜಂಬಿಟ್ಟಿಗೆಯ ಹರಳಿಗೆ ಅಂಚು ಚೂಪಾಗಿರುವ, ಬ್ಲಾಕುಗಳು ಗಟ್ಟಿಯಾಗಿರುವ ಟ್ರೆಡ್ ಸಾಕಾಗುತ್ತದೆ. ಸ್ಪರ್ಧೆಗೆ ಒಂದು ದಿನ ಮೊದಲು ಮೈದಾನದಲ್ಲಿ ನಡೆದಾಡಿ, ಕಾಲಿನ ಹಿಮ್ಮಡಿಯಿಂದ ನೆಲ ಕೆದರಿ ಗಟ್ಟಿ ಪದರ ಎಷ್ಟು ಆಳದಲ್ಲಿದೆ ಎಂದು ನೋಡುವುದನ್ನು ನಾನು ಎಂದಿಗೂ ತಪ್ಪಿಸುವುದಿಲ್ಲ.

ಎರಡನೆಯ ಹೆಜ್ಜೆ: ನಿಯಮಾವಳಿ ಓದುವುದು

ಸ್ಪರ್ಧೆಯ ನಿಯಮಾವಳಿಯಲ್ಲಿ ನಿಮ್ಮ ವರ್ಗಕ್ಕೆ ಯಾವ ರಿಮ್ಮು, ಯಾವ ಟೈರು ಒಪ್ಪಿಗೆಯಾಗಿದೆ ಎಂಬುದನ್ನು ಹಣ ಖರ್ಚು ಮಾಡುವ ಮೊದಲೇ ಓದಬೇಕು. ನಮ್ಮಲ್ಲಿ ಮೋಟಾರು ಕ್ರೀಡೆಗಳಿಗೆ ಮಾನ್ಯತೆ ನೀಡುವುದು ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟ. ಪ್ರತಿ ಸ್ಪರ್ಧೆಗೂ ಆಯೋಜಕರು ಪೂರಕ ನಿಯಮಗಳನ್ನು ಪ್ರಕಟಿಸುತ್ತಾರೆ. ಇದು ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕಾದ ಸ್ಟ್ರೀಟ್ ವರ್ಗವನ್ನು ನೋಡಬಹುದು: ಅಲ್ಲಿ ರಿಮ್ಮಿನ ವ್ಯಾಸವನ್ನು ಮೂಲಕ್ಕಿಂತ ಒಂದು ಇಂಚು ಹೆಚ್ಚು ಅಥವಾ ಕಡಿಮೆ ಮಾಡಬಹುದು, ಆದರೆ ಅಗಲ ಮಾತ್ರ ಮೂಲದ್ದೇ ಇರಬೇಕು, ಟೈರಿನ ಟ್ರೆಡ್‌ವೇರ್ ಅಂಕಿ (ಸವೆತ ತಾಳುವ ಅಂಕಿ; ಅದು ಕಡಿಮೆಯಾದಷ್ಟೂ ರಬ್ಬರು ಸಾಮಾನ್ಯವಾಗಿ ಮೃದು) 200ಕ್ಕಿಂತ ಕಡಿಮೆ ಇರುವಂತಿಲ್ಲ. ಒಂದು ವಾಕ್ಯದ ನಿಯಮ ಅಲ್ಲಿನ ಇಡೀ ಟೈರು ಮಾರುಕಟ್ಟೆಯ ದಿಕ್ಕನ್ನೇ ಬದಲಿಸಿದೆ. 200 ಎಂದು ಮುದ್ರಿಸಿಕೊಂಡು ಬಹುತೇಕ ರೇಸಿನ ಟೈರಿನಂತೆಯೇ ಅಂಟಿಕೊಳ್ಳುವ ಯೊಕೊಹಾಮಾ ಎ052, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಮೊದಲಾದವು ಅಲ್ಲಿನ ಆಟೋಕ್ರಾಸ್ ಸ್ಪರ್ಧಿಗಳ ಮೆಚ್ಚಿನ ಟೈರುಗಳು.

ರಸ್ತೆಯ ಕಾನೂನನ್ನೂ ಇದೇ ಹೊತ್ತಿಗೆ ನೆನಪಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡುಗಳನ್ನು ತಡೆಯುತ್ತದೆ. ಸ್ಪರ್ಧೆಯ ಚಕ್ರಗಳನ್ನು ಬೇರೆಯಾಗಿ ಒಯ್ದು ಮೈದಾನದಲ್ಲಿ ಬದಲಿಸುವುದೇ ಒಳ್ಳೆಯದು; ಟೈರೂ ಹೆಚ್ಚು ಕಾಲ ಬಾಳುತ್ತದೆ.

ಮೂರನೆಯ ಹೆಜ್ಜೆ: ಟೈರಿನ ಮೇಲಿನ ಅಂಕಿಗಳನ್ನು ಲೆಕ್ಕಕ್ಕೆ ತರುವುದು

195/55 ಆರ್16 87ವಿ ಎಂಬ ಬರಹದಲ್ಲಿ 195 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ, 55 ಎಂಬುದು ಆ ಅಗಲದ ಶೇಕಡಾ ಎಷ್ಟು ಗೋಡೆಯ ಎತ್ತರ ಎಂಬುದು, 16 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. 87 ಎಂಬ ಭಾರದ ಅಂಕಿ ಒಂದು ಟೈರು 545 ಕಿಲೋ ಹೊರಬಲ್ಲದು ಎನ್ನುತ್ತದೆ. ವಿ ಎಂಬ ಅಕ್ಷರ ಗಂಟೆಗೆ 240 ಕಿಲೋಮೀಟರ್ ವೇಗದ ಮಿತಿಯನ್ನು ಸೂಚಿಸುತ್ತದೆ. ಆಟೋಕ್ರಾಸ್‌ನಲ್ಲಿ ವೇಗದ ಅಕ್ಷರಕ್ಕೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಭಾರದ ಅಂಕಿಗೆ ಮಾತ್ರ ಕೆಡಿಸಿಕೊಳ್ಳಲೇಬೇಕು.

ಈಗ ಪೂರ್ತಿ ವ್ಯಾಸದ ಲೆಕ್ಕ. ರಿಮ್ಮಿನ 16 ಇಂಚನ್ನು 25.4ರಿಂದ ಗುಣಿಸಿದರೆ 406.4 ಮಿಲಿಮೀಟರ್. ಗೋಡೆಯ ಎತ್ತರ 195ರ ಶೇಕಡಾ 55, ಅಂದರೆ 107.25, ಮೇಲೊಂದು ಕೆಳಗೊಂದು ಸೇರಿ 214.5. ಒಟ್ಟು 620.9 ಮಿಲಿಮೀಟರ್. ಇದೇ ಕ್ರಮದಲ್ಲಿ ಇತರ ಅಳತೆಗಳನ್ನು ಕೂಡಿಸಿದರೆ 205/50 ಆರ್16 ಟೈರು 611.4, 195/50 ಆರ್16 ಟೈರು 601.4, 205/45 ಆರ್17 ಟೈರು 616.3, 195/60 ಆರ್15 ಟೈರು 615, 185/65 ಆರ್15 ಟೈರು 621.5, 205/50 ಆರ್15 ಟೈರು 586 ಮಿಲಿಮೀಟರ್ ಬರುತ್ತದೆ. ಇವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಎದುರಿಗಿಟ್ಟುಕೊಳ್ಳಿ. ಮುಂದಿನ ಬಹುತೇಕ ನಿರ್ಧಾರಗಳು ಈ ಹಾಳೆಯಿಂದಲೇ ಹುಟ್ಟುತ್ತವೆ.

ವ್ಯಾಸ ಕಡಿಮೆಯಾದರೆ ಗೇರು ಗಿಡ್ಡವಾದಂತೆ. ಎಂಜಿನ್ನಿನ ಎಳೆತ ನೆಲಕ್ಕೆ ಹೆಚ್ಚು ತಲುಪುತ್ತದೆ, ತಿರುವಿನಿಂದ ಹೊರಬರುವಾಗ ಕಾರು ಬೇಗ ಜಿಗಿಯುತ್ತದೆ, ಕಾರಿನ ಎತ್ತರವೂ ವ್ಯಾಸ ಇಳಿದದ್ದರ ಅರ್ಧದಷ್ಟು ತಗ್ಗುತ್ತದೆ. 586 ಮಿಲಿಮೀಟರಿನ ಟೈರು ಮೂಲಕ್ಕಿಂತ ಶೇಕಡಾ 5.6ರಷ್ಟು ಚಿಕ್ಕದು, ಕೇಳುವಾಗ ಆಕರ್ಷಕವಾಗಿಯೇ ಇದೆ. ಆದರೆ ಆಟೋಕ್ರಾಸ್‌ನ ಬಹುಪಾಲು ಓಟ ಎರಡನೆಯ ಗೇರಿನಲ್ಲಿ ನಡೆಯುತ್ತದೆ. ಮೂಲ ಟೈರಿನಲ್ಲಿ ಎರಡನೆಯ ಗೇರು 90 ಕಿಲೋಮೀಟರಿನವರೆಗೆ ಎಳೆಯುತ್ತಿದ್ದರೆ ಈ ಟೈರಿನಲ್ಲಿ ಅದು 85ಕ್ಕೇ ನಿಲ್ಲುತ್ತದೆ. ಹಾದಿಯ ಅತ್ಯಂತ ವೇಗದ ಭಾಗದಲ್ಲಿ 88 ಮುಟ್ಟಬೇಕಾಗಿದ್ದರೆ, ಆ ಮೂರು ಕಿಲೋಮೀಟರಿಗಾಗಿ ಮೂರನೆಯ ಗೇರಿಗೆ ಹೋಗಿ ಮರಳಿ ಎರಡಕ್ಕೆ ಬರುವ ಹೊತ್ತಿಗೆ ಗಳಿಸಿದ್ದೆಲ್ಲ ಹೋಗಿರುತ್ತದೆ. ಆದುದರಿಂದ ನಿಮ್ಮ ಕಾರು ಪ್ರತಿ ಗೇರಿನಲ್ಲಿ ಎಲ್ಲಿಯವರೆಗೆ ಎಳೆಯುತ್ತದೆ ಎಂದು ಮೊದಲು ಬರೆದುಕೊಂಡು, ಅದನ್ನು ವ್ಯಾಸಗಳ ಅನುಪಾತದಿಂದ ಗುಣಿಸಿ ನೋಡಿ. ಮೂಲಕ್ಕಿಂತ ಶೇಕಡಾ ಒಂದರಿಂದ ಮೂರರಷ್ಟು ಚಿಕ್ಕ ವ್ಯಾಸ ಹೆಚ್ಚಿನ ಕಾರುಗಳಿಗೆ ಹಿತವಾಗಿ ಒಗ್ಗುತ್ತದೆ ಎಂಬುದು ನನ್ನ ಅನುಭವ. ಮೂಲಕ್ಕಿಂತ ದೊಡ್ಡ ವ್ಯಾಸಕ್ಕೆ ಹೋಗಲು ಆಟೋಕ್ರಾಸ್‌ನಲ್ಲಿ ನನಗೆ ಒಂದೇ ಒಂದು ಕಾರಣವೂ ಕಂಡಿಲ್ಲ.

ನಾಲ್ಕನೆಯ ಹೆಜ್ಜೆ: ಭಾರ ತೂಗುವುದು

ಈ ಕೆಲಸ ನಮ್ಮ ಭಾಗದಲ್ಲಿ ಬಹಳ ಸುಲಭ. ಕಬ್ಬಿನ ಸೀಮೆಯಾದ ನಮ್ಮಲ್ಲಿ ದೊಡ್ಡ ಊರುಗಳ ಹತ್ತಿರವೆಲ್ಲ ಕಾಟಾ ಇರುತ್ತದೆ. ಮೊದಲು ಪೂರ್ತಿ ಕಾರನ್ನು ತೂಗಿಸಿ, ಬಳಿಕ ಮುಂದಿನ ಎರಡು ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದರೆ ಯಾವ ಆಕ್ಸಲಿನ ಮೇಲೆ ಎಷ್ಟು ಭಾರವಿದೆ ಎಂಬುದು ಗೊತ್ತಾಗುತ್ತದೆ. ನೀವು ಒಳಗೆ ಕುಳಿತೇ ತೂಗಿಸಬೇಕು. ಕಬ್ಬಿನ ಕಾಟಾ ಹತ್ತಿಪ್ಪತ್ತು ಕಿಲೋ ಹಂತಗಳಲ್ಲಿ ತೋರಿಸಿದರೂ ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಮುಂದಿನ ಚಕ್ರಗಳಿಂದ ಎಳೆಯುವ ಹ್ಯಾಚ್‌ಬ್ಯಾಕಿನಲ್ಲಿ ಭಾರದ ಹತ್ತಿರ ಹತ್ತಿರ ಶೇಕಡಾ 60 ಅಥವಾ ಅದಕ್ಕೂ ಹೆಚ್ಚು ಮುಂದೆಯೇ ಇರುತ್ತದೆ. ಮುಂದಿನ ಎರಡು ಟೈರುಗಳೇ ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಮುಕ್ಕಾಲು ಕೆಲಸವನ್ನೂ ಮಾಡಬೇಕು. ಹೀಗಿರುವಾಗ ಭಾರದ ಅಂಕಿಯನ್ನು ಮೂಲಕ್ಕಿಂತ ಕೆಳಗಿಳಿಸುವುದು ನನಗೆ ಸರಿ ಕಾಣುವುದಿಲ್ಲ. 205/50 ಆರ್15 ಟೈರಿನ ಮೇಲೆ ಸಾಮಾನ್ಯವಾಗಿ 86 ಎಂದಿರುತ್ತದೆ, ಅಂದರೆ 530 ಕಿಲೋ; ಮೂಲಕ್ಕಿಂತ 15 ಕಿಲೋ ಕಡಿಮೆ. 195/60 ಆರ್15 ಟೈರಿನ ಮೇಲೆ 88, ಅಂದರೆ 560 ಕಿಲೋ. ಇಂಥ ಸಣ್ಣ ವ್ಯತ್ಯಾಸಗಳೇ ಕೊನೆಗೆ ಆಯ್ಕೆಯನ್ನು ನಿರ್ಧರಿಸುತ್ತವೆ.

ಐದನೆಯ ಹೆಜ್ಜೆ: ಟೈರಿನ ಅಗಲವನ್ನು ರಿಮ್ಮಿನ ಅಗಲಕ್ಕೆ ಕೂಡಿಸುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಗಲವಾದ ಟೈರು ಎಂದರೆ ಹೆಚ್ಚು ಹಿಡಿತ ಎಂದು ನಂಬಿ, ಮೂಲ ರಿಮ್ಮಿನ ಮೇಲೆಯೇ ಸಾಧ್ಯವಾದಷ್ಟು ಅಗಲದ ಟೈರನ್ನು ಕೂರಿಸಿಬಿಡುತ್ತಾರೆ. ಟೈರು ನೆಲ ಮುಟ್ಟುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಹವಾ. ಅಗಲ ಹೆಚ್ಚಿಸಿದಾಗ ಆ ಜಾಗದ ಆಕಾರ ಬದಲಾಗುತ್ತದೆ: ಉದ್ದ ಕಡಿಮೆಯಾಗಿ ಅಡ್ಡಕ್ಕೆ ಹರಡಿಕೊಳ್ಳುತ್ತದೆ, ಡಾಂಬರಿನ ಮೇಲೆ ತಿರುವಿನಲ್ಲಿ ಅದರಿಂದ ನಿಜವಾಗಿಯೂ ಲಾಭವಿದೆ. ಆದರೆ ಆ ಲಾಭ ಸಿಗಬೇಕಾದರೆ ಟೈರಿನ ಗೋಡೆಗೆ ಕೆಳಗಿನಿಂದ ರಿಮ್ಮಿನ ಆಸರೆ ಇರಬೇಕು. ಕಿರಿದಾದ ರಿಮ್ಮಿನ ಮೇಲೆ ಕೂತ ಅಗಲದ ಟೈರು ಬಾಯಿ ಕಟ್ಟಿದ ಚೀಲದಂತೆ ನಡುವೆ ಉಬ್ಬಿರುತ್ತದೆ. ತಿರುವಿನಲ್ಲಿ ಗೋಡೆ ಮಡಚಿಕೊಂಡು ಟ್ರೆಡ್ಡಿನ ಒಳಬದಿ ನೆಲ ಬಿಟ್ಟು ಮೇಲೇಳುತ್ತದೆ, ಹೊರ ಅಂಚು ಸವೆಯುತ್ತದೆ, ಸ್ಟಿಯರಿಂಗು ತಿರುಗಿಸಿದ ಮೇಲೆ ಕಾರು ತಿರುಗಲು ಒಂದು ಕ್ಷಣ ತಡಮಾಡುತ್ತದೆ. ಕೋನ್‌ಗಳ ಸಾಲಿನ ನಡುವೆ ಎಡಕ್ಕೆ ಬಲಕ್ಕೆ ಸರಸರನೆ ಹೊರಳಿಸಬೇಕಾದ ಆಟದಲ್ಲಿ ಆ ಒಂದು ಕ್ಷಣ ಬಹಳ ದೊಡ್ಡದು.

ಪ್ರತಿ ಟೈರಿಗೂ ತಯಾರಕರು ಒಪ್ಪುವ ರಿಮ್ಮಿನ ಅಗಲಗಳ ಒಂದು ವ್ಯಾಪ್ತಿ ಇರುತ್ತದೆ. 195/55 ಆರ್16 ಟೈರಿಗೆ ಅದು 5.5ರಿಂದ 7 ಇಂಚು. 205/50 ಆರ್16 ಟೈರಿಗೆ 5.5ರಿಂದ 7.5 ಇಂಚು, 195/60 ಆರ್15 ಟೈರಿಗೆ 5.5ರಿಂದ 7 ಇಂಚು. 225/45 ಆರ್17 ಟೈರಿಗೆ 7ರಿಂದ 8.5 ಇಂಚು. ಡಾಂಬರಿನ ಆಟೋಕ್ರಾಸ್‌ಗೆ ಈ ವ್ಯಾಪ್ತಿಯ ಮೇಲ್ತುದಿಯ ಹತ್ತಿರ ಇರುವ ರಿಮ್ಮನ್ನು ಆರಿಸಬೇಕು, ಅಂದರೆ 205 ಟೈರಿಗೆ 7 ಅಥವಾ 7.5 ಇಂಚು. ರಿಮ್ಮಿನ ಅಗಲ 6 ಇಂಚೇ ಇದ್ದು ಅದನ್ನು ಬದಲಿಸಲು ನಿಯಮ ಒಪ್ಪದಿದ್ದರೆ, 205 ಅಥವಾ 215ರ ಆಸೆ ಬಿಟ್ಟು 195ರಲ್ಲಿಯೇ ಅತ್ಯುತ್ತಮ ರಬ್ಬರಿನ ಟೈರನ್ನು ಹುಡುಕುವುದು ಜಾಣತನ. ಮಣ್ಣಿನ ಆಟೋಕ್ರಾಸ್‌ಗೆ ಇದೇ ಲೆಕ್ಕ ಬದಲಾಗುತ್ತದೆ: ವ್ಯಾಪ್ತಿಯ ನಡುವಿನ ಅಗಲ ಸಾಕು, ಏಕೆಂದರೆ ಟೈರಿನ ಗೋಡೆ ರಿಮ್ಮಿನ ಅಂಚಿಗಿಂತ ತುಸು ಹೊರಗೆ ಉಬ್ಬಿದ್ದರೆ ಕಲ್ಲುಗಳು ಅಂಚನ್ನು ನೇರವಾಗಿ ಬಡಿಯುವುದಿಲ್ಲ.

ಅತಿ ಅಗಲಕ್ಕೆ ಇನ್ನೊಂದು ಮಿತಿಯೂ ಇದೆ. ಸ್ಪರ್ಧೆಯ ರಬ್ಬರು ಬಿಸಿಯಾದ ಮೇಲೆಯೇ ಹಿಡಿಯುತ್ತದೆ. ಓಟವೇ ಒಂದು ನಿಮಿಷದ್ದು. ಹಗುರವಾದ ಕಾರಿಗೆ ಅತಿ ಅಗಲದ ಟೈರು ಹಾಕಿದರೆ ಅದು ಬಿಸಿಯಾಗುವ ಹೊತ್ತಿಗೆ ಓಟ ಮುಗಿದಿರುತ್ತದೆ. ಒಂದೇ ಕಾರನ್ನು ಇಬ್ಬರು ಸರದಿಯಲ್ಲಿ ಓಡಿಸುವಾಗ, ಅದರಲ್ಲೂ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, ಇದರ ವಿರುದ್ಧದ ತೊಂದರೆ ಎದುರಾಗುತ್ತದೆ. ಆಗ ಓಟಗಳ ನಡುವೆ ಟ್ರೆಡ್ಡಿಗೆ ನೀರು ಚಿಮುಕಿಸಿ ತಂಪು ಮಾಡಬೇಕಾಗುತ್ತದೆ.

ಆರನೆಯ ಹೆಜ್ಜೆ: ರಿಮ್ಮಿನ ವ್ಯಾಸ ಮತ್ತು ತೂಕ

ಈಗ ಇಂಚಿನ ಪ್ರಶ್ನೆಗೆ ಬರೋಣ. ಮೊದಲ ಸಲ ಕಾರು ಸಿದ್ಧಪಡಿಸುವಾಗ ನಾನು ಕೂಡ 16ರಿಂದ 17ಕ್ಕೆ ಏರಿಸಿ 205/45 ಟೈರು ಹಾಕಿಸಿದ್ದೆ. ಗೋಡೆಯ ಎತ್ತರ 107 ಮಿಲಿಮೀಟರಿನಿಂದ 92ಕ್ಕೆ ಇಳಿದಿತ್ತು. ಡಾಂಬರಿನ ಮೇಲೆ ಕಾರು ಚೂಪಾಗಿ ತಿರುಗುತ್ತಿತ್ತು ಎಂಬುದು ನಿಜ. ಗರಸಿನ ಮೈದಾನದಲ್ಲಿ ಎರಡನೆಯ ಓಟದಲ್ಲಿಯೇ ಬದುವಿನಂಥ ಒಂದು ಅಂಚಿಗೆ ಎಡ ಮುಂಚಕ್ರ ಬಡಿದು, ರಿಮ್ಮಿನ ಒಳ ಅಂಚು ಬಾಗಿ ಹವಾ ಪೂರ್ತಿ ಇಳಿದುಹೋಯಿತು. ಅಂದಿನ ದಿನ ಅಲ್ಲಿಗೇ ಮುಗಿಯಿತು. ಬಾಗಿದ ಅಲಾಯ್ ರಿಮ್ಮನ್ನು ಕಾಸಿ ಬಡಿದು ನೇರ ಮಾಡಿಸಿ ಮತ್ತೆ ಬಳಸುವ ಧೈರ್ಯ ನನಗಾಗಲಿಲ್ಲ, ನೀವೂ ಮಾಡಬಾರದು. ಬಳಿಕ ಹಾಕಿಸಿದ 195/60 ಆರ್15 ಟೈರಿನ ಗೋಡೆ 117 ಮಿಲಿಮೀಟರ್ ಎತ್ತರದ್ದು. ಅಂಥ ಪೆಟ್ಟುಗಳು ಆಮೇಲೆಯೂ ಬಿದ್ದಿವೆ, ರಿಮ್ಮು ಉಳಿದಿದೆ.

ತೂಕದ ವಿಷಯವೂ ಇದಕ್ಕೆ ಸೇರಿಕೊಂಡಿದೆ. ಚಕ್ರ ಮುಂದಕ್ಕೆ ಸಾಗುವುದಷ್ಟೇ ಅಲ್ಲ, ತಿರುಗಲೂ ಬೇಕು. ಹಾಗಾಗಿ ಟ್ರೆಡ್ಡಿನ ಅಂಚಿನಲ್ಲಿರುವ ಒಂದು ಕಿಲೋ ತೂಕವನ್ನು ವೇಗಕ್ಕೆ ತರಲು ಕಾರಿನೊಳಗಿನ ಎರಡು ಕಿಲೋಗೆ ಬೇಕಾದಷ್ಟು ಶಕ್ತಿ ಬೇಕಾಗುತ್ತದೆ. ಬ್ರೇಕು ಹಾಕುವಾಗಲೂ ಅದೇ ಲೆಕ್ಕ. ರಿಮ್ಮಿನ ವ್ಯಾಸ ಹಿಗ್ಗಿದಂತೆ ಲೋಹದ ತೂಕ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ. ಅಂಗಡಿಗೆ ಹೋಗುವಾಗ ತೂಗುಹಾಕುವ ಸಣ್ಣ ತಕ್ಕಡಿಯನ್ನು ಒಯ್ದು ರಿಮ್ಮನ್ನು ತೂಗಿ ನೋಡಿ. ಒಂದೇ ಅಳತೆಯ, ನೋಟಕ್ಕೆ ಒಂದೇ ಬಗೆಯ ಎರಡು ರಿಮ್ಮುಗಳ ನಡುವೆ ಎರಡು ಕಿಲೋ ವ್ಯತ್ಯಾಸ ಇರುವುದನ್ನು ನಾನು ಕಂಡಿದ್ದೇನೆ. ಹಗುರ ಎಂಬ ಒಂದೇ ಕಾರಣಕ್ಕೆ ಯಾವ ಗುರುತೂ ಇಲ್ಲದ ನಕಲು ರಿಮ್ಮನ್ನು ಕೊಳ್ಳಬಾರದು. ಒಳಬದಿಯಲ್ಲಿ ಅಗಲ, ಆಫ್‌ಸೆಟ್ (ಇದರ ವಿವರ ಮುಂದಿನ ಹೆಜ್ಜೆಯಲ್ಲಿದೆ) ಮತ್ತು ಭಾರದ ಮಿತಿ ಅಚ್ಚಾಗಿರಬೇಕು.

ಹಾಗಾದರೆ ನನ್ನ ತೀರ್ಮಾನ ಇದು: ಮಣ್ಣಿನ ನೆಲಕ್ಕೆ, ಬ್ರೇಕಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ತಾಗದೆ ಕೂರುವ ಅತ್ಯಂತ ಚಿಕ್ಕ ರಿಮ್ಮು. ಡಾಂಬರಿಗೆ, ನಿಮಗೆ ಬೇಕಾದ ಟೈರು ಸಿಗುವ ಅತ್ಯಂತ ಚಿಕ್ಕ ರಿಮ್ಮು. ಈ ಎರಡನೆಯ ಮಾತಿನಲ್ಲಿ ತೂಕವಿರುವುದು "ಸಿಗುವ" ಎಂಬ ಪದಕ್ಕೆ. 205/50 ಆರ್15 ಅಮೆರಿಕದ ಆಟೋಕ್ರಾಸ್‌ನಲ್ಲಿ ಹಳೆಯ ಮಜ್ದಾ ಎಂಎಕ್ಸ್-5ಗಳಿಂದಾಗಿ ಅತ್ಯಂತ ಜನಪ್ರಿಯವಾದ ಅಳತೆ; ಆ ಜನಪ್ರಿಯತೆಯನ್ನು ನಂಬಿ ಇಲ್ಲಿ 8 ಇಂಚು ಅಗಲದ 15ರ ರಿಮ್ಮು ಕೊಳ್ಳುವ ಮೊದಲು, ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರದ ಅಂಗಡಿಗಳಲ್ಲಿ ಆ ಟೈರು ಯಾವ ಕಂಪನಿಯದು, ಎಷ್ಟು ದಿನಕ್ಕೆ ಬರುತ್ತದೆ ಎಂದು ವಿಚಾರಿಸಿ. 195/60 ಆರ್15, 185/65 ಆರ್15, 195/55 ಆರ್16 ನಮ್ಮ ದಿನಬಳಕೆಯ ಕಾರುಗಳ ಅಳತೆಗಳಾದ್ದರಿಂದ ಹರಿದ ಟೈರಿಗೆ ಬದಲಿ ಅಂದೇ ಸಿಗುತ್ತದೆ. ಮಣ್ಣಿನ ಸ್ಪರ್ಧೆಗೆಂದೇ ಎಂಆರ್‌ಎಫ್ ಮತ್ತು ಜೆಕೆ ಟೈರ್ ರ್‍ಯಾಲಿ ಟೈರುಗಳನ್ನು ತಯಾರಿಸುತ್ತವೆ. ಅವು ಯಾವ ಅಳತೆಗಳಲ್ಲಿ ದೊರೆಯುತ್ತವೆ ಎಂಬುದನ್ನು ತಿಳಿದುಕೊಂಡೇ ರಿಮ್ಮನ್ನು ಆರಿಸಿ. ಕೊಳ್ಳುವಾಗ ಟೈರಿನ ಮೇಲಿನ ನಾಲ್ಕು ಅಂಕಿಯ ತಯಾರಿಕೆಯ ಗುರುತನ್ನೂ ಓದಿ: 2324 ಎಂದಿದ್ದರೆ 2024ರ 23ನೆಯ ವಾರ.

ಏಳನೆಯ ಹೆಜ್ಜೆ: ಆಫ್‌ಸೆಟ್, ನಡುವಿನ ರಂಧ್ರ, ಬೋಲ್ಟು

ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ, ಅಂದರೆ ಕಾರಿನಲ್ಲಿ ಚಕ್ರ ಕೂರುವ ಗುಂಬಕ್ಕೆ, ತಾಗುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬುದೇ ಆಫ್‌ಸೆಟ್. ರಿಮ್ಮಿನ ಮೇಲೆ ಇಟಿ 40 ಎಂಬಂತೆ ಬರೆದಿರುತ್ತದೆ. ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ. 6 ಇಂಚು ಅಗಲದ ಇಟಿ 40 ರಿಮ್ಮಿನ ಮೇಲೆ 195/55 ಟೈರು ಸುಮಾರು 201 ಮಿಲಿಮೀಟರ್ ಅಗಲವಾಗಿ ಕೂರುತ್ತದೆ. 7 ಇಂಚು ಅಗಲದ ರಿಮ್ಮಿನ ಮೇಲೆ 205/50 ಟೈರು ಸುಮಾರು 219 ಆಗುತ್ತದೆ, ಏಕೆಂದರೆ ರಿಮ್ಮು ಅರ್ಧ ಇಂಚು ಹಿಗ್ಗಿದಾಗಲೆಲ್ಲ ಟೈರಿನ ಗೋಡೆಯೂ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ವ್ಯತ್ಯಾಸ 18. ಆಫ್‌ಸೆಟ್ 40 ಆಗಿಯೇ ಉಳಿದರೆ ಒಳಗೆ 9, ಹೊರಗೆ 9 ಮಿಲಿಮೀಟರ್ ಹಂಚಿಹೋಗುತ್ತದೆ. ಇಟಿ 35 ಆದರೆ ಒಳಗೆ 4, ಹೊರಗೆ 14. ಒಳಗೆ ಶಾಕ್ ಅಬ್ಸಾರ್ಬರಿಗೂ ಟೈರಿಗೂ ನಡುವೆ ಈಗ ಎಷ್ಟು ಜಾಗವಿದೆ ಎಂದು ಅಳೆದರೆ ಯಾವುದು ಹೊಂದುತ್ತದೆ ಎಂಬುದು ಅಂಗಡಿಗೆ ಹೋಗುವ ಮೊದಲೇ ತಿಳಿಯುತ್ತದೆ. ಆಫ್‌ಸೆಟ್ಟನ್ನು ಅತಿಯಾಗಿ ಇಳಿಸಿದರೆ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಉಬ್ಬುತಗ್ಗಿನ ನೆಲದಲ್ಲಿ ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ಹೋಗುವಂತೆ ಎಳೆಯುತ್ತದೆ. ಮೂಲ ಆಫ್‌ಸೆಟ್ಟಿನಿಂದ ಐದರಿಂದ ಏಳು ಮಿಲಿಮೀಟರಿನೊಳಗೆ ಇರುವುದು ಕ್ಷೇಮ.

ಬೋಲ್ಟುಗಳ ವೃತ್ತ ಮತ್ತು ನಡುವಿನ ರಂಧ್ರ ಎರಡೂ ಕೂಡಬೇಕು. ಪೋಲೊದ ವೃತ್ತ 5 ಬೋಲ್ಟು 100 ಮಿಲಿಮೀಟರ್, ರಂಧ್ರ 57.1, ಸ್ವಿಫ್ಟಿನದು 4 ಬೋಲ್ಟು 100, ರಂಧ್ರ 54.1. ಹೊರಗಿನ ರಿಮ್ಮುಗಳ ರಂಧ್ರ ಸಾಮಾನ್ಯವಾಗಿ ದೊಡ್ಡದಾಗಿರುವುದರಿಂದ ನಡುವೆ ಬಳೆಯಂಥ ಹಬ್ ರಿಂಗ್ ಬೇಕಾಗುತ್ತದೆ. ಈ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು: ಉದ್ಯಮಬಾಗ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಲ್ಲಿ ಅಲ್ಯೂಮಿನಿಯಮ್ಮಿನಲ್ಲಿ ಈ ಬಳೆಯನ್ನು ಕೂದಲೆಳೆಯ ನಿಖರತೆಯಲ್ಲಿ ತಿರುವಿಕೊಡುವ ಕೈಗಳಿವೆ. ಹಬ್ಬಿನ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಒಯ್ದರೆ ಸಾಕು. ಫೋಕ್ಸ್‌ವ್ಯಾಗನ್ ಬೋಲ್ಟಿನ ತಲೆಯ ಕೆಳಭಾಗ ಗುಂಡಗೆ ಇರುತ್ತದೆ, ಹೊರಗಿನ ಬಹುತೇಕ ರಿಮ್ಮುಗಳು ಇಳಿಜಾರಿನ ಶಂಕುವಿನ ಆಕಾರ ಕೇಳುತ್ತವೆ. ಇವೆರಡನ್ನು ಬೆರೆಸಿದರೆ ಬೋಲ್ಟು ಬಿಗಿಯಾದಂತೆ ಕಂಡು ಓಡುವಾಗ ಸಡಿಲಾಗುತ್ತದೆ. ಇದರಲ್ಲಿ ರಾಜಿ ಸಲ್ಲದು.

ಎಂಟನೆಯ ಹೆಜ್ಜೆ: ಒಂದು ಚಕ್ರ ಹಾಕಿ ನೋಡುವುದು

ನಾಲ್ಕಕ್ಕೂ ಹಣ ಕೊಡುವ ಮೊದಲು ಒಂದು ರಿಮ್ಮನ್ನು ಟೈರಿಲ್ಲದೆ ಮುಂದಿನ ಹಬ್ಬಿಗೆ ಕೂರಿಸಿ ಕೈಯಿಂದ ತಿರುಗಿಸಿ ನೋಡಿ. ಕ್ಯಾಲಿಪರಿನ ಮೇಲೆ ಚಪಾತಿ ಹಿಟ್ಟಿನ ಸಣ್ಣ ಉಂಡೆ ಅಂಟಿಸಿದರೆ ರಿಮ್ಮಿನ ಕಡ್ಡಿಗಳಿಗೂ ಅದಕ್ಕೂ ಎಷ್ಟು ಅಂತರವಿದೆ ಎಂಬುದು ಉಂಡೆ ಚಪ್ಪಟೆಯಾದ ದಪ್ಪದಿಂದ ತಿಳಿಯುತ್ತದೆ. ಮೂರು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಾನು ಆ ರಿಮ್ಮನ್ನು ಒಪ್ಪುವುದಿಲ್ಲ, ಮಣ್ಣಿನ ಓಟದಲ್ಲಿ ಅಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಟೈರು ಹಾಕಿಸಿದ ಮೇಲೆ ಮಡ್‌ಗಾರ್ಡಿನ ಒಳ ಅಂಚಿಗೂ ಅದೇ ಹಿಟ್ಟಿನ ಉಂಡೆ ಅಂಟಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಒಂದು ಸ್ಪೀಡ್ ಬ್ರೇಕರ್ ನಿಧಾನವಾಗಿ ದಾಟಿ ಬನ್ನಿ.

ಮುಂದೆ ಒಂದು, ಹಿಂದೆ ಒಂದು ಅಳತೆ ಬೇಕೇ?

ಹಿಂದಿನ ಚಕ್ರಗಳಿಂದ ಓಡುವ ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದೆ ಅಗಲವಾದ ಟೈರು ಕೊಡುವುದುಂಟು. 718 ಬಾಕ್ಸ್‌ಟರ್‌ಗೆ ಮುಂದೆ 235/45, ಹಿಂದೆ 265/45, ಎರಡೂ 18 ಇಂಚು. ರಸ್ತೆಯಲ್ಲಿ ಕಾರಿನ ಹಿಂಭಾಗ ಜಾರದಿರಲಿ ಎಂಬ ಎಚ್ಚರಿಕೆ ಅದರ ಹಿಂದಿದೆ. ಆಟೋಕ್ರಾಸ್‌ನಲ್ಲಿ ಕಾರು ಬೇಗ ತಿರುಗಬೇಕಾದ್ದರಿಂದ, ಕಾರು ಒಪ್ಪಿದರೆ ನಾಲ್ಕೂ ಕಡೆ ಒಂದೇ ಅಳತೆ ಮೇಲು: ಎಂಎಕ್ಸ್-5 ಮೂಲದಿಂದಲೇ ಹಾಗಿದೆ, ಈಗಿನ ತಲೆಮಾರಿಗೆ 195/50 ಆರ್16 ಅಥವಾ 205/45 ಆರ್17. ನಾಲ್ಕೂ ಒಂದೇ ಆಗಿದ್ದರೆ ಸವೆದ ಮುಂದಿನ ಟೈರುಗಳನ್ನು ಹಿಂದಕ್ಕೆ ಸಾಗಿಸಬಹುದು, ಒಂದೇ ಸ್ಟೆಪ್ನಿ ಎಲ್ಲದಕ್ಕೂ ಸಾಕು, ಎಬಿಎಸ್‌ಗೂ ಗೊಂದಲವಿಲ್ಲ. ಮುಂದಿನ ಚಕ್ರಗಳಿಂದ ಓಡುವ ಹ್ಯಾಚ್‌ಬ್ಯಾಕಿಗೆ ಈ ಪ್ರಶ್ನೆಯೇ ಇಲ್ಲ.

ಕೊನೆಯ ಹೆಜ್ಜೆ: ಹವಾ ಹೊಂದಿಸಿ ಅಳತೆಯನ್ನು ಪರೀಕ್ಷಿಸುವುದು

ಆರಿಸಿದ ಅಳತೆ ಸರಿಯೇ ಎಂಬುದನ್ನು ಹೇಳುವುದು ಟೈರಿನ ಭುಜವೇ. ಟ್ರೆಡ್ಡಿನ ಅಂಚಿನಿಂದ ಗೋಡೆಯ ಕಡೆಗೆ ಮೂರು ಜಾಗಗಳಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಒಂದು ಓಟ ಓಡಿಸಿ. ತಯಾರಕರು ಭುಜದ ಮೇಲೆ ಅಚ್ಚು ಹಾಕಿದ ಸಣ್ಣ ತ್ರಿಕೋನದವರೆಗೆ ಗೆರೆ ಅಳಿಸಿದ್ದರೆ ಹವಾ ಸರಿ. ಅದನ್ನು ದಾಟಿ ಗೋಡೆಯವರೆಗೂ ಅಳಿಸಿದ್ದರೆ ಎರಡು ಪಿಎಸ್‌ಐ ಏರಿಸಿ. ತ್ರಿಕೋನ ಮುಟ್ಟದೆಯೇ ನಿಂತಿದ್ದರೆ ಇಳಿಸಿ. ಡಾಂಬರಿನ ಮೇಲೆ ನಾನು ಹ್ಯಾಚ್‌ಬ್ಯಾಕಿನ ಮುಂದಿನ ಟೈರುಗಳನ್ನು 35ರಿಂದ ಆರಂಭಿಸುತ್ತೇನೆ, ಮಣ್ಣಿನ ಮೇಲೆ 27ರಿಂದ. ಹವಾ ಏರಿಸುತ್ತಲೇ ಹೋಗಿ 40 ದಾಟಿದರೂ ಗೆರೆ ಗೋಡೆಯವರೆಗೆ ಅಳಿಸುತ್ತಿದ್ದರೆ ತಪ್ಪು ಹವಾದ್ದಲ್ಲ, ಅಷ್ಟು ಅಗಲದ ಟೈರಿಗೆ ನಿಮ್ಮ ರಿಮ್ಮು ಕಿರಿದಾಗಿದೆ.

ಹವೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟೈರಿನೊಳಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೆಳಗಾವಿಯ ತಂಪಾದ ಬೆಳಗಿನಲ್ಲಿ ತುಂಬಿಸಿದ ಹವಾ ಬಾಗಲಕೋಟೆಯ ಮಧ್ಯಾಹ್ನಕ್ಕೆ ನಾಲ್ಕು ಪಿಎಸ್‌ಐ ಹೆಚ್ಚಾಗಿ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಪ್ರತಿ ಓಟದ ಮುಂಚೆ ಅಳೆಯಿರಿ, ಒಂದೇ ಗೇಜ್ ಬಳಸಿ.

ಬೋಲ್ಟುಗಳನ್ನು ಪಾನಾದ ಮೇಲೆ ಕಾಲಿಟ್ಟು ಬಿಗಿಯುವುದರ ಬದಲು ಟಾರ್ಕ್ ಪಾನಾದಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಪೋಲೊಗೆ ಅದು 120 ನ್ಯೂಟನ್ ಮೀಟರ್. ಹೊಸ ರಿಮ್ಮು ಹಾಕಿದ ಮೊದಲ ಓಟದ ನಂತರವೂ, ಮತ್ತೆ 50 ಕಿಲೋಮೀಟರ್ ಓಡಿದ ನಂತರವೂ ಇನ್ನೊಮ್ಮೆ ಪರೀಕ್ಷಿಸಿ. ಸ್ಪರ್ಧೆ ಮುಗಿದು ಮನೆಗೆ ಹೊರಡುವ ಮುನ್ನ ಮೂಲ ಚಕ್ರಗಳನ್ನು ಹಾಕಿಕೊಳ್ಳಿ. ಹಾಗಾಗದಿದ್ದರೆ ಮಣ್ಣಿಗೆಂದು ಇಳಿಸಿದ ಹವಾವನ್ನು ಬಾಗಿಲಿನ ಚೌಕಟ್ಟಿನ ಮೇಲೆ ಬರೆದಿರುವ ಅಂಕಿಗೆ ತಂದುಕೊಂಡ ಮೇಲೆಯೇ ಹೆದ್ದಾರಿಗೆ ಇಳಿಯಿರಿ.